ಅರ್ಮೇನಿಯಾ, ನುಮಿಡಿಯಾ, ಸೆಲ್ಯೂಸಿಡ್: ರೋಮನ್ ನಕಲು ಲೀಜನರಿಗಳಲ್ಲಿ ಯಾವುದು ಗಟ್ಟಿ?

ಕೋಟೆಕಾವಲು ಕೇಳಿದ್ದು:

ಎಲ್ರಿಗೂ ನಮಸ್ಕಾರ. ರೋಮ್ ಟೋಟಲ್ ವಾರ್ ರಿಮಾಸ್ಟರ್ಡ್ ಅನ್ನೋ ಯುದ್ಧದ ಕಂಪ್ಯೂಟರ್ ಗೇಮ್ ಆಡೋರು ಇಲ್ಲಿ ಸುಮಾರು ಜನ ಇದೀರಾ ಅಂತ ಹಳೇ ಪೋಸ್ಟ್‌ಗಳಲ್ಲಿ ನೋಡ್ದೆ, ಅದಕ್ಕೇ ಇಲ್ಲೇ ಕೇಳ್ತಿದೀನಿ. ರೋಮ್‌ನ ಜೂಲಿಯೈ ಮನೆತನ ಹಿಡ್ಕೊಂಡು ಒಂದು ಕ್ಯಾಂಪೇನ್ (ಮ್ಯಾಪ್ ಗೆಲ್ಲೋ ಉದ್ದದ ಆಟ) ಮುಗಿಸಿದೆ, ಈಗ ಅರ್ಮೇನಿಯಾ ತಗೊಂಡಿದೀನಿ. 2004ರ ಒರಿಜಿನಲ್ ಗೇಮಲ್ಲಿ ಅರ್ಮೇನಿಯಾ ಆಡ್ಬೇಕು ಅಂದ್ರೆ ಫೈಲ್ ತಿದ್ದಬೇಕಿತ್ತು, 2021ರಲ್ಲಿ ಬಂದ ರಿಮಾಸ್ಟರ್‌ನಲ್ಲಿ ಆ ರಗಳೆ ಇಲ್ಲ, ತುಂಬಾ ಖುಷಿ ಆಯ್ತು.

ವಿಷಯ ಏನಂದ್ರೆ, ಯೂನಿಟ್ ಲಿಸ್ಟ್ ನೋಡ್ತಾ ಇದ್ದಾಗ ಗಮನಕ್ಕೆ ಬಂತು, ಮೂರು ಫ್ಯಾಕ್ಷನ್‌ಗೆ (ಗೇಮ್‌ನ ರಾಜ್ಯಕ್ಕೆ) ರೋಮನ್ನರನ್ನ ನೋಡಿ ಕಾಪಿ ಮಾಡಿದ ಕಾಲಾಳು ಪಡೆ ಇದೆ. ನಂಗೆ ಅರ್ಮೇನಿಯನ್ ಲೀಜನರೀಸ್, ಉತ್ತರ ಆಫ್ರಿಕಾದ ನುಮಿಡಿಯಾಗೆ ನುಮಿಡಿಯನ್ ಲೀಜನರೀಸ್, ಅಲೆಕ್ಸಾಂಡರ್ ನಂತರ ಸಿರಿಯಾ ಕಡೆ ಆಳಿದ ಗ್ರೀಕ್ ರಾಜವಂಶ ಸೆಲ್ಯೂಸಿಡ್‌ಗೆ ಸಿಲ್ವರ್ ಶೀಲ್ಡ್ ಲೀಜನರೀಸ್. ಈ ಮೂರರಲ್ಲಿ ಯಾವುದು ನಿಜವಾದ ರೋಮನ್ ಲೀಜನ್ (ಕೆಲವು ಸಾವಿರ ಕಾಲಾಳುಗಳ ದಳ) ಎದುರು ಎದೆಗೊಟ್ಟು ನಿಲ್ಲುತ್ತೆ? ನನ್ನ ಖಜಾನೆ ಸದ್ಯಕ್ಕೆ ಅಷ್ಟಕ್ಕಷ್ಟೇ, ನನ್ನ ರಾಜಧಾನಿ ಅರ್ತಕ್ಸಾಟದಲ್ಲಿ ಕಾಲಾಳು ತೆಗೆಯೋ ದೊಡ್ಡ ಬ್ಯಾರಕ್ಸ್‌ಗೆ ದುಡ್ಡು ಸುರಿಯೋದಾ ಇಲ್ಲಾ ಅದೇ ದುಡ್ಡಲ್ಲಿ ಇನ್ನೊಂದಿಷ್ಟು ಕ್ಯಾಟಫ್ರಾಕ್ಟ್ (ಭಾರೀ ಕವಚದ ಕುದುರೆ ಪಡೆ) ತೆಗೆಯೋದಾ ಅಂತ ತಲೆ ಕೆಟ್ಟೋಗಿದೆ. ಜೊತೆಗೆ ಇನ್ನೊಂದು ಕುತೂಹಲ, ಇಂಥ ನಕಲು ಲೀಜನ್‌ಗಳು ಇತಿಹಾಸದಲ್ಲಿ ನಿಜವಾಗ್ಲೂ ಇದ್ವಾ ಅಥವಾ ಗೇಮ್ ಮಾಡಿದೋರ ಕಲ್ಪನೆನಾ? ಗೊತ್ತಿರೋರು ದಯವಿಟ್ಟು ಸ್ವಲ್ಪ ವಿವರವಾಗಿ ಹೇಳಿ.


ತುಂಗಾತೀರ:

ಒಳ್ಳೇ ಪ್ರಶ್ನೆ. ಆದ್ರೆ ಮೂರನ್ನೂ ಒಂದೊಂದು ಎದುರುಬದುರು ನಿಲ್ಸಿ ಯಾವುದು ಗೆಲ್ಲುತ್ತೆ ಅಂತ ನೋಡಿದ್ರೆ ಏನೂ ಗೊತ್ತಾಗಲ್ಲ. ಕಸ್ಟಮ್ ಬ್ಯಾಟಲ್‌ನಲ್ಲಿ ಹಾಗೆ ಆಡಿಸಿದ್ರೆ ನನ್ನ ಕೈಲಿ ಸಿಲ್ವರ್ ಶೀಲ್ಡ್ ಲೀಜನರೀಸೇ ಮೇಲೆ ಬರೋದು, ನುಮಿಡಿಯನ್ ಕೊನೆಗೆ. ಆದ್ರೆ ಕ್ಯಾಂಪೇನ್ ಅಂದ್ಮೇಲೆ ನೋಡ್ಬೇಕಾದ್ದು ಬೇರೆ, ಆ ಫ್ಯಾಕ್ಷನ್ ಹತ್ರ ಏನು ಇಲ್ಲ, ಈ ಯೂನಿಟ್ ಬಂದ್ರೆ ಯಾವ ತೂತು ಮುಚ್ಚುತ್ತೆ ಅನ್ನೋದು.

ಸೆಲ್ಯೂಸಿಡ್ ನೋಡಿ. ಅವರ ಹತ್ರ ಉದ್ದ ಈಟಿ ಹಿಡಿದು ಒತ್ತಾಗಿ ಸಾಲು ನಿಲ್ಲೋ ಫ್ಯಾಲಂಕ್ಸ್ ಇದೆ, ಕ್ಯಾಟಫ್ರಾಕ್ಟ್ ಇದೆ, ಕಂಪಾನಿಯನ್ ಕ್ಯಾವಲ್ರಿ ಇದೆ, ಆನೆ ಇದೆ, ಕುಡುಗೋಲು ಕಟ್ಟಿದ ರಥ ಕೂಡ ಇದೆ. ಅಷ್ಟೆಲ್ಲ ಇಟ್ಕೊಂಡೋರಿಗೆ ಲೀಜನರಿ ಇದ್ರೆ ಒಳ್ಳೇದು, ಇಲ್ದಿದ್ರೂ ನಡೆಯುತ್ತೆ. ಅವರಿಗೆ ಅದು ನಿಜಕ್ಕೂ ಬೇಕಾಗೋದು ಒಂದೇ ಜಾಗದಲ್ಲಿ, ಕೋಟೆ ಗೋಡೆ ಮೇಲೆ. ಫ್ಯಾಲಂಕ್ಸ್‌ನೋರು ಬೀದಿಯಲ್ಲಿ ನಿಂತ್ರೆ ಯಮ, ಅದೇ ಏಣಿ ಹತ್ಸಿ ಗೋಡೆ ಮೇಲೆ ಬಿಟ್ರೆ ಆ ಉದ್ದ ಈಟಿ ಎತ್ತೋಕೂ ಜಾಗ ಇರಲ್ಲ, ಸಣ್ಣ ಕತ್ತಿ ಹಿಡ್ದು ಒದ್ದಾಡ್ತಾರೆ. ಅಲ್ಲಿ ಕತ್ತಿ ಗುರಾಣಿಯ ಲೀಜನರಿ ಎರಡು ಯೂನಿಟ್ ಇದ್ರೆ ಗೋಡೆ ಗುಡಿಸಿ ಹಾಕ್ತಾರೆ.

ನಿಮ್ಮ ಅರ್ಮೇನಿಯಾ ಕಥೆ ಬೇರೆ. ನಿಮ್ಮ ಕುದುರೆ ಪಡೆ ಇಡೀ ಮ್ಯಾಪಲ್ಲೇ ಮೇಲ್ಮಟ್ಟದ್ದು, ಕ್ಯಾಟಫ್ರಾಕ್ಟ್ ಸರಿ, ಅದರ ಮೇಲೆ ಬಿಲ್ಲು ಹಿಡಿದ ಕ್ಯಾಟಫ್ರಾಕ್ಟ್ ಆರ್ಚರ್ಸ್ ಕೂಡ. ಆದ್ರೆ ಕಾಲಾಳು ಅಂತ ನೋಡಿದ್ರೆ ಈಸ್ಟರ್ನ್ ಇನ್‌ಫೆಂಟ್ರಿ, ಹಿಲ್‌ಮೆನ್, ಅವರನ್ನ ನಂಬ್ಕೊಂಡು ಲೈನ್ ಹಾಕಿದ್ರೆ ರೋಮನ್ನರು ಪೈಲಂ ಅನ್ನೋ ಭರ್ಜಿ ಎಸೆದು ಒಂದು ಚಾರ್ಜ್ ಕೊಟ್ಟ ತಕ್ಷಣ ಬಿಳಿ ಬಾವುಟ. ಕುದುರೆ ಸುತ್ತು ಹಾಕ್ಕೊಂಡು ಹಿಂದಿನಿಂದ ಬಂದು ಹೊಡಿಯೋಕೆ ಟೈಮ್ ಬೇಕಲ್ಲ, ಆ ಟೈಮ್ ಕೊಡೋರು ಯಾರು? ಅದಕ್ಕೇ ಲೀಜನರಿ ಬೇಕಾಗೋದು. ಅವರು ರೋಮನ್ನರನ್ನ ಸೋಲಿಸ್ಬೇಕಾಗಿಲ್ಲ, ಹಿಡ್ಕೊಂಡು ನಿಂತ್ರೆ ಸಾಕು, ಕೊಲ್ಲೋ ಕೆಲಸ ಕ್ಯಾಟಫ್ರಾಕ್ಟ್‌ದು. ಕ್ಯಾಟಫ್ರಾಕ್ಟ್ ಒಳಗೆ ನುಗ್ಗಿ ಸಿಕ್ಕಾಕೊಂಡಾಗ ಗದೆಗೆ ಬದಲಾಯಿಸಿ, ಕವಚ ಹಾಕಿದೋರ ಮೇಲೆ ಅದು ಚೆನ್ನಾಗಿ ಬೀಳುತ್ತೆ.

ನಾನು ಹಾಕೋದು ಹೀಗೆ: ಮಧ್ಯದಲ್ಲಿ ನಾಲ್ಕು ಲೀಜನರಿ, ಗಾರ್ಡ್ ಮೋಡ್ (ಜಾಗ ಬಿಡದೆ ನಿಲ್ಲೋ ಆರ್ಡರ್) ಆನ್. ಸಾಲು ತುಂಬಾ ತೆಳ್ಳಗೆ ಎಳೀಬೇಡಿ. ಅವರ ಹಿಂದೆ ಬಿಲ್ಲಿನೋರು. ಎರಡೂ ಬದಿಗೆ ಈಸ್ಟರ್ನ್ ಇನ್‌ಫೆಂಟ್ರಿ, ಸ್ವಲ್ಪ ಹಿಂದಕ್ಕೆ ಸರಿದು ನಿಂತಿರ್ಬೇಕು, ಅವರ ಕೆಲಸ ಬರೀ ಪಕ್ಕದಿಂದ ಯಾರೂ ನುಗ್ಗದ ಹಾಗೆ ನೋಡ್ಕೊಳ್ಳೋದು. ರೋಮನ್ನರು ಹತ್ರ ಬರೋವರೆಗೂ ಲೀಜನರಿಗೆ ಚಾರ್ಜ್ ಆರ್ಡರ್ ಕೊಡ್ಬೇಡಿ. ಸುಮಾರು ಜನ ಡಬಲ್ ಕ್ಲಿಕ್ ಮಾಡಿ ಓಡಿಸ್ಬಿಡ್ತಾರೆ, ಆಗ ಕೈಯಲ್ಲಿರೋ ಭರ್ಜಿ ಎಸೀದೇನೇ ಕತ್ತಿ ಎಳೀತಾರೆ, ಆ ಯೂನಿಟ್‌ನ ಅರ್ಧ ಬೆಲೆ ಅಲ್ಲೇ ಹೋಯ್ತು. ನಿಂತಲ್ಲೇ ಬಿಟ್ರೆ ಅವರೇ ಎಸೀತಾರೆ.

ಹಾಗಾಗಿ ಬ್ಯಾರಕ್ಸ್ ಕಟ್ಟಿ, ಆದ್ರೆ ಒಂದೇ ಊರಲ್ಲಿ. ಎಲ್ಲ ಕಡೆ ಬೇಡ. ಇನ್ನೊಂದು ಗಮನದಲ್ಲಿರ್ಲಿ, ಈ ಗೇಮಲ್ಲಿ ಸೈನಿಕರನ್ನ ತೆಗೆದಷ್ಟೂ ಊರಿನ ಜನಸಂಖ್ಯೆಯಿಂದ್ಲೇ ಕಡಿಮೆ ಆಗುತ್ತೆ. ಅರ್ತಕ್ಸಾಟ ಇನ್ನೂ ಬೆಳೀತಾ ಇರುವಾಗ ಒಂದೇ ಸಮ ಕಾಲಾಳು ತೆಗೀತಾ ಹೋದ್ರೆ ಮುಂದಿನ ಹಂತದ ಅರಮನೆಗೆ ಬೇಕಾದ ಜನ ಸೇರೋದೇ ಇಲ್ಲ.


ಆನೆಪಡೆ:

ಗೇಮ್ ವಿಷಯಕ್ಕೆ ಮೇಲಿನೋರು ಹೇಳಿದ್ದೇ ಸರಿ, ನಾನು ಇತಿಹಾಸದ ಕಡೆ ಬರೀತೀನಿ, ಉದ್ದ ಆಗುತ್ತೆ, ಯಾಕಂದ್ರೆ ನಂಗೆ ತುಂಬಾ ಇಷ್ಟದ ವಿಷಯ ಇದು.

ನಕಲು ಲೀಜನ್‌ಗಳು ಕಲ್ಪನೆ ಅಲ್ಲ, ಖಂಡಿತ ಇದ್ವು. ಸೆಲ್ಯೂಸಿಡ್‌ದು ಎಲ್ಲಕ್ಕಿಂತ ಚೆನ್ನಾಗಿ ದಾಖಲಾಗಿದೆ. ಕ್ರಿ.ಪೂ. 190ರಲ್ಲಿ ಮೆಗ್ನೀಶಿಯಾ ಯುದ್ಧದಲ್ಲಿ ಮೂರನೇ ಆಂಟಿಯೋಕಸ್ ರೋಮನ್ನರ ಕೈಲಿ ಸೋತ, 188ರ ಅಪಾಮಿಯಾ ಒಪ್ಪಂದದ ಪ್ರಕಾರ ಅವನ ಮಗ ರೋಮ್‌ಗೆ ಒತ್ತೆಯಾಳಾಗಿ ಹೋಗ್ಬೇಕಾಯ್ತು. ಆ ಹುಡುಗನೇ ಮುಂದೆ ನಾಲ್ಕನೇ ಆಂಟಿಯೋಕಸ್ ಆಗಿ 175ರಲ್ಲಿ ಪಟ್ಟಕ್ಕೆ ಬಂದಿದ್ದು. ಅಂದ್ರೆ ತಮ್ಮನ್ನ ಸೋಲಿಸಿದ ಸೈನ್ಯದ ಊರಲ್ಲೇ ವರ್ಷಗಟ್ಲೆ ಇದ್ದು ಅವರನ್ನ ಹತ್ತಿರದಿಂದ ನೋಡಿದ ಮನುಷ್ಯ. 166ರಲ್ಲಿ ಅವನು ಆಂಟಿಯೋಕ್ ಪಕ್ಕದ ದಾಫ್ನೆಯಲ್ಲಿ ಒಂದು ಭಾರೀ ಸೈನಿಕ ಮೆರವಣಿಗೆ ಮಾಡಿಸ್ದ. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಆ ಮೆರವಣಿಗೆಯ ಪಟ್ಟಿನೇ ಕೊಟ್ಟಿದಾನೆ. ಎಲ್ರಿಗಿಂತ ಮುಂದೆ ನಡೆದೋರು ಯಾರು ಗೊತ್ತಾ, ರೋಮನ್ ರೀತಿ ಆಯುಧ ಹಿಡಿದು ಸರಪಳಿ ಕವಚ ತೊಟ್ಟ 5,000 ಜನ ಪ್ರಾಯದ ಸೈನಿಕರು. ಅವರಾದ್ಮೇಲೆ ಮಿಸಿಯಾದೋರು, ಸಿಲಿಷಿಯಾದೋರು, ಥ್ರೇಸ್‌ನೋರು, ಆಮೇಲೆ ಮೆಸಿಡೋನಿಯನ್ ಫ್ಯಾಲಂಕ್ಸ್. ತಾತ ಮುತ್ತಾತರ ಕಾಲದಿಂದ ಹೆಮ್ಮೆ ಪಟ್ಟ ಫ್ಯಾಲಂಕ್ಸ್ ಹಿಂದೆ, ರೋಮನ್ ಕಾಪಿ ಮುಂದೆ! ನಂಗೆ ಈ ಒಂದು ಸಾಲು ಓದಿದಾಗೆಲ್ಲ ಮೈ ಜುಂ ಅನ್ನುತ್ತೆ.

ಆದ್ರೆ ಸಿಲ್ವರ್ ಶೀಲ್ಡ್ ಅನ್ನೋ ಹೆಸರು ಗೇಮ್‌ನೋರು ಕಲಸಿ ಹಾಕಿರೋದು. ಬೆಳ್ಳಿ ಗುರಾಣಿಯೋರು ಅಂದ್ರೆ ಅಲೆಕ್ಸಾಂಡರ್ ಕಾಲದಿಂದ ಬಂದ ಹೆಸರು, ಸೆಲ್ಯೂಸಿಡ್‌ರ ಹತ್ರ ಅದು ಈಟಿ ಹಿಡಿದ ಖಾಸಾ ಪಡೆ. ದಾಫ್ನೆಯ ಪಟ್ಟಿಯಲ್ಲಿ ರೋಮನ್ ಆಯುಧದ 5,000 ಜನ ಬೇರೆ, ಬೆಳ್ಳಿ ಗುರಾಣಿಯೋರು ಬೇರೆ. ಆ ಖಾಸಾ ಪಡೆಯಲ್ಲೇ ಅರ್ಧ ಜನರನ್ನ ರೋಮನ್ ಮಾದರಿಗೆ ಬದಲಾಯಿಸಿದ್ರು ಅನ್ನೋ ವಾದ ಇತಿಹಾಸಕಾರರಲ್ಲಿ ಇದೆ, ಗೇಮ್‌ನ ಹೆಸರಿಗೆ ಆಧಾರ ಅಂತ ಏನಾದ್ರೂ ಹೇಳ್ಬೋದಾದ್ರೆ ಅದೊಂದೇ.

ಇವರಿಗಿಂತ ಮುಂಚೆನೇ ರೋಮ್‌ನ ವೈರಿ, ಉತ್ತರ ಆಫ್ರಿಕಾದ ಕಾರ್ತೇಜ್‌ನ ದಂಡನಾಯಕ ಹ್ಯಾನಿಬಲ್ ಇದನ್ನ ಮಾಡಿದ್ದ. ಕ್ರಿ.ಪೂ. 217ರಲ್ಲಿ ಟ್ರಾಸಿಮೀನ್ ಕೆರೆ ಹತ್ರ ರೋಮನ್ನರನ್ನ ಕೊಂದು ಹಾಕಿದ್ಮೇಲೆ ಸಿಕ್ಕಿದ ಆಯುಧಗಳನ್ನೆಲ್ಲ ತನ್ನ ಆಫ್ರಿಕನ್ ಕಾಲಾಳುಗಳಿಗೆ ಹಂಚಿದ. ಮುಂದಿನ ವರ್ಷ ಕ್ಯಾನೆಯಲ್ಲಿ ಎರಡೂ ಬದಿಯಿಂದ ರೋಮನ್ನರನ್ನ ಅಮುಕಿದೋರು ಅವರೇ. ನೋಡೋಕೆ ರೋಮನ್ನರ ಹಾಗೇ ಕಾಣ್ತಿದ್ರು ಅಂತ ಪಾಲಿಬಿಯಸ್ಸೇ ಹೇಳ್ತಾನೆ. ಆದ್ರೆ ಗಮನಿಸಿ, ಅಲ್ಲಿ ಗೆಲ್ಸಿದ್ದು ಕಸಿದುಕೊಂಡ ಗುರಾಣಿ ಅಲ್ಲ, ಆ ಜನ ಮೊದಲೇ ಹಳೇ ಹುಲಿಗಳು, ಸ್ಪೇನಿನಿಂದ ಆಲ್ಪ್ಸ್ ದಾಟಿ ಬಂದೋರು. ಸರಪಳಿ ಕವಚ ಯಾವ ಕಮ್ಮಾರ ಬೇಕಾದ್ರೂ ಮಾಡಿ ಕೊಡ್ತಾನೆ. ನೂರು ಜನರ ಮುಂದೆ ನಿಂತು ಅವರನ್ನ ಹಿಡಿದಿಡೋ ಸೆಂಚೂರಿಯನ್‌ನ ಮಾಡೋಕೆ ವರ್ಷಗಳು ಬೇಕು.


ಬಯಲುಸೀಮೆ ಸವಾರ:

ನಮಸ್ಕಾರ್ರಿ. ನುಮಿಡಿಯಾ ಬಗ್ಗೆ ಯಾರೂ ಸರಿಯಾಗಿ ಮಾತಾಡ್ಲಿಲ್ಲ, ಕೊನೆಗೆ ಬರ್ತದ ಅಂದು ಬಿಟ್ಟುಬಿಟ್ರಿ. ನಾ ಅದನ್ನ ಬಾಳ ಆಡೀನಿ, ಅದಕ್ಕ ಬರಿಯಾಕತ್ತೀನಿ.

ಮೊದಲ ಇತಿಹಾಸ ನೋಡ್ರಿ. ಮೂರೂ ಪಡಿಯಾಗ ಖುದ್ದು ರೋಮನ್ ಮನಷ್ಯಾನ ಕಡಿಂದ ಕಲ್ತವರು ಅಂತ ಹೆಸರು ಸಮೇತ ದಾಖಲೆ ಇರೂದು ನುಮಿಡಿಯಾದ್ದ. ಕ್ರಿ.ಪೂ. 213ರಾಗ ಸ್ಪೇನಿನ್ಯಾಗ ಯುದ್ಧ ಮಾಡಾಕತ್ತಿದ್ದ ರೋಮನ್ ದಂಡನಾಯಕರು ಸಿಪಿಯೋ ಅಣ್ಣತಮ್ಮರು ನುಮಿಡಿಯಾದ ರಾಜ ಸೈಫಾಕ್ಸ್ ಕಡೆ ಮೂರು ಮಂದಿ ಸೆಂಚೂರಿಯನ್‌ಗಳನ್ನ ದೂತರಾಗಿ ಕಳಸಿದ್ರು. ರಾಜ ಅವರ ಜೋಡಿ ಕುಂತು ಮಾತಾಡಿದ ಮ್ಯಾಲ ಅವಂಗ ಗೊತ್ತಾತು, ನಮ್ಮ ಮಂದಿಗೆ ಕುದುರಿ ಬಿಟ್ರ ಬ್ಯಾರೆ ಏನೂ ಬರಂಗಿಲ್ಲ, ನೆಲದ ಮ್ಯಾಲ ನಿಂತು ಬಡದಾಡೂದು ತಿಳಿಯಂಗಿಲ್ಲ ಅಂತ. ಒಬ್ಬರನ್ನ ಇಲ್ಲೇ ಬಿಟ್ಟು ಹೋಗ್ರಿ ಅಂತ ಕೇಳ್ಕೊಂಡ. ಕ್ವಿಂಟಸ್ ಸ್ಟಾಟೋರಿಯಸ್ ಅನ್ನಾವ ಉಳಕೊಂಡ. ಅವ ಹರೇದ ಹುಡುಗರನ್ನ ಕೂಡಿಸಿ, ತುಕಡಿ ಮಾಡಿ, ಬಾವುಟದ ಹಿಂದ ನಡಿಯೂದು, ಸಾಲು ಕೆಡದಂಗ ನಿಲ್ಲೂದು ಎಲ್ಲಾ ಕಲಸಿದ. ಆಮ್ಯಾಲ ಕಾರ್ತೇಜಿನವರ ಜೋಡಿ ಬಯಲಾಗ ಎದುರಾಎದುರು ಯುದ್ಧ ಆತು, ಸೈಫಾಕ್ಸ್ ಗೆದ್ದ. ರೋಮನ್ ಇತಿಹಾಸಕಾರ ಲಿವಿ ಬರದಿದ್ದು ಇದು. ಆನೆಪಡೆ ಸರ್ ಹೇಳಿದ್ರಲ್ರಿ ಸೆಂಚೂರಿಯನ್ ಮುಖ್ಯ ಅಂತ, ಅದಕ್ಕ ಇದಕ್ಕಿಂತ ಚಲೋ ಸಾಕ್ಷಿ ಬೇಕೇನ್ರಿ, ಒಬ್ಬನ ಒಬ್ಬ ಕಲಸಾಂವ ಬಂದ್ರ ಏನಾತು ನೋಡ್ರಿ.

ಮುಂದ ಜೂಬಾ ರಾಜನ ಕಾಲಕ್ಕ ನುಮಿಡಿಯಾದ ಕಡೆ ನಾಲ್ಕು ಲೀಜನ್ ಇದ್ದೂವು ಅಂತ ಸೀಸರ್‌ನ ಆಫ್ರಿಕಾ ಯುದ್ಧದ ವರದಿಯಾಗ ಬರ್ತದ. ಆದ್ರ ಕ್ರಿ.ಪೂ. 49ರಾಗ ಬಗ್ರಾಡಾಸ್ ಹೊಳಿ ಹತ್ರ ಸೀಸರ್‌ನ ದಂಡನಾಯಕ ಕ್ಯೂರಿಯೋನ್ನ ಮುಗಿಸಿದ್ದು ಮುಖ್ಯವಾಗಿ ಕುದುರಿ ಪಡಿರಿ. ದಣದು ಬಂದ ರೋಮನ್ ಕಾಲಾಳುಗಳನ್ನ ಸುತ್ತ ಹಾಕಿ, ಅವರು ಮುಂದ ಬಂದ್ರ ಹಿಂದ ಸರದು, ನಿಂತ್ರ ಮತ್ತ ಬಂದು, ಹಂಗ ಹಣ್ಣಮಾಡಿ ಕೊಂದ್ರು. ಕ್ಯೂರಿಯೋ ಅಲ್ಲೇ ಸತ್ತ. 46ರಾಗ ಥಾಪ್ಸಸ್ ಯುದ್ಧದಾಗ ಕವಣಿ ಕಲ್ಲಿಗೆ ಹೆದರಿದ ಆನಿಗಳು ಹೊಳ್ಳಿ ತಮ್ಮ ಮಂದಿನ್ನ ತುಳದುವು, ಜೂಬಾನ ಕಥಿ ಅಲ್ಲಿಗೆ ಮುಗೀತು.

ಗೇಮಿನ್ಯಾಗೂ ಹಂಗ ಆಡ್ರಿ. ನುಮಿಡಿಯಾದ್ದು ಏನ್ ತ್ರಾಸ ಅಂದ್ರ ಊರು ಸಣ್ಣವು, ಮರಳುಗಾಡು, ಜನ ಬೆಳಿಯೂದು ನಿಧಾನ, ದೊಡ್ಡ ಬ್ಯಾರಕ್ಸ್ ಕಟ್ಟೂ ಮಟ್ಟಕ್ಕ ಊರು ಏರೂದರಾಗ ರೋಮನ್ನರು ಆಫ್ರಿಕಾಕ್ಕ ಇಳದಿರ್ತಾರ. ಅದಕ್ಕ ಶುರುವಿನ್ಯಾಗ ಎಲ್ಲಾ ಬಿಟ್ಟು ಕಾರ್ತೇಜ್ ಹಿಡೀರಿ, ಅಲ್ಲಿ ಜನ ಮೊದಲ ತುಂಬ್ಯಾರ. ಲೀಜನರಿ ಸಿಕ್ಕ ಮ್ಯಾಲ ಬಾಳ ಬ್ಯಾಡ, ಮೂರ ನಾಕ ಯೂನಿಟ್ ಸಾಕು, ಉಳದದ್ದೆಲ್ಲಾ ಭರ್ಜಿ ಒಗಿಯೂ ಕುದುರಿ ಮತ್ತ ಒಂಟಿ. ವಿರೋಧಿ ಜನರಲ್‌ನ ಕುದುರಿ ಒಂಟಿ ಕಂಡ್ರ ಬೆದರ್ತಾವ, ಅದನ್ನ ಮರಿಬ್ಯಾಡ್ರಿ. ನುಮಿಡಿಯಾದ ಕಡೆ ಬ್ಯಾರೆ ಯಾವ ಕಾಲಾಳಿಗೂ ಹಂಗ ನಿಲ್ಲೂ ತಾಕತ್ತಿಲ್ಲ, ಅದಕ್ಕ ಈ ಮೂರರಾಗ ತನ್ನ ಫ್ಯಾಕ್ಷನ್‌ಗೆ ಎಲ್ಲಾಕಿಂತ ಹೆಚ್ಚು ಬೇಕಾದ ಪಡಿ ಯಾವುದು ಅಂದ್ರ ನಾ ನುಮಿಡಿಯಾದ್ದ ಅಂತೀನಿ.


ಕೋಟೆಕಾವಲು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಒಂದು ಮಾತು ಮಾತ್ರ ಉಳೀತು. ನುಮಿಡಿಯಾಗೆ ಸಾಕ್ಷಿ ಇದೆ, ಸೆಲ್ಯೂಸಿಡ್‌ಗೆ ಇದೆ, ಅರ್ಮೇನಿಯಾಗೆ? ಅಲ್ಲಿನ ಟಿಗ್ರೇನಸ್ ರಾಜನ ಹತ್ರ ನಿಜವಾಗ್ಲೂ ಇಂಥ ಪಡೆ ಇತ್ತಾ?


ಆನೆಪಡೆ:

ಮೂರರಲ್ಲಿ ಸಾಕ್ಷಿ ತೀರ ಕಡಿಮೆ ಇರೋದು ಅರ್ಮೇನಿಯಾಗೇ. ಪೂರ್ತಿ ಇಲ್ಲ ಅಂತಲ್ಲ. ಕ್ರಿ.ಪೂ. 69ರಲ್ಲಿ ರೋಮನ್ ದಂಡನಾಯಕ ಲೂಕುಲಸ್ ಟಿಗ್ರೇನಸ್‌ನ ಪಟ್ಟಣ ಟಿಗ್ರನೋಸರ್ಟಾಗೆ ಮುತ್ತಿಗೆ ಹಾಕಿದಾಗ ಟಿಗ್ರೇನಸ್ ತಂದ ಸೈನ್ಯದ ಲೆಕ್ಕ ಗ್ರೀಕ್ ಲೇಖಕ ಪ್ಲುಟಾರ್ಕ್ ಕೊಡ್ತಾನೆ. ಅದರಲ್ಲಿ ಒಂದೂವರೆ ಲಕ್ಷ ಭಾರೀ ಕಾಲಾಳು, ಕೆಲವರು ಕೋಹಾರ್ಟ್‌ಗಳಾಗಿ (ರೋಮನ್ ಲೀಜನ್ ಒಳಗಿನ ತುಕಡಿಯ ಹೆಸರು ಅದು), ಕೆಲವರು ಫ್ಯಾಲಂಕ್ಸ್ ಆಗಿ ನಿಂತಿದ್ರು ಅಂತ ಬರುತ್ತೆ. ಸಂಖ್ಯೆ ನಂಬ್ಬೇಡಿ, ಹಳೇ ಕಾಲದೋರು ಶತ್ರು ಸೈನ್ಯದ ಲೆಕ್ಕ ಯಾವಾಗ್ಲೂ ಊದಿಸಿ ಬರೀತಾರೆ. ಆದ್ರೆ ಕೋಹಾರ್ಟ್ ಅನ್ನೋ ಮಾತು ಮುಖ್ಯ, ಅಷ್ಟರ ಮೇಲೇ ಅರ್ಮೇನಿಯನ್ ಲೀಜನರಿ ಕಟ್ಟಿದಾರೆ ಅನ್ಸುತ್ತೆ.

ಅವತ್ತಿನ ಯುದ್ಧ ನಡೆದ ರೀತಿ ನಿಮಗೆ ಗೇಮಲ್ಲೂ ಉಪಯೋಗಕ್ಕೆ ಬರುತ್ತೆ. ಲೂಕುಲಸ್ ಹತ್ರ 24 ಕೋಹಾರ್ಟ್, ಹೆಚ್ಚು ಅಂದ್ರೆ ಹತ್ತು ಸಾವಿರ ಕಾಲಾಳು. ದೂತರಾಗಿ ಬಂದಿದ್ರೆ ಇವರು ಜಾಸ್ತಿ ಆದ್ರು, ಯುದ್ಧಕ್ಕೆ ಬಂದಿದ್ರೆ ಕಡಿಮೆ ಆದ್ರು ಅಂತ ಟಿಗ್ರೇನಸ್ ಹೇಳಿದ ಮಾತು ಇವತ್ತಿಗೂ ಪ್ರಸಿದ್ಧ. ಲೂಕುಲಸ್ ಹೊಳೆ ದಾಟಿ, ಒಂದು ಗುಡ್ಡದ ಬುಡದಲ್ಲಿ ಕ್ಯಾಟಫ್ರಾಕ್ಟ್‌ಗಳು ನಿಂತಿದ್ದನ್ನ ನೋಡಿ, ತಾನೇ ಎರಡು ಕೋಹಾರ್ಟ್ ಕರ್ಕೊಂಡು ಆ ಗುಡ್ಡ ಹತ್ತಿಬಿಟ್ಟ. ಕುದುರೆ ಸವಾರರ ಮೈಗೆಲ್ಲ ಕವಚ, ಕಾಲಿಗಿಲ್ಲ, ಅವರ ತೊಡೆ ಮೊಳಕಾಲು ನೋಡಿ ಹೊಡೀರಿ ಅಂತ ಹೇಳಿದ್ದ. ಹೊಡೆಯೋ ಪ್ರಸಂಗನೇ ಬರ್ಲಿಲ್ಲ, ಕ್ಯಾಟಫ್ರಾಕ್ಟ್‌ಗಳು ತಿರುಗಿ ಓಡಿ ನೇರ ತಮ್ಮದೇ ಕಾಲಾಳುಗಳ ಮೇಲೆ ನುಗ್ಗಿದ್ವು. ಆ ಕೋಹಾರ್ಟ್‌ಗಳು ಕತ್ತಿ ಬೀಸೋ ಮೊದಲೇ ತಮ್ಮವರಿಂದ್ಲೇ ಚೆಲ್ಲಾಪಿಲ್ಲಿ ಆಗಿ ಹೋದ್ವು.

ಅದಕ್ಕೇ ಹೇಳೋದು, ಕ್ಯಾಟಫ್ರಾಕ್ಟ್‌ನ ಲೀಜನರಿ ಸಾಲಿನ ಮುಂದೆ ಯಾವತ್ತೂ ನಿಲ್ಲಿಸ್ಬೇಡಿ, ಇಳಿಜಾರಿನ ಕೆಳಗಂತೂ ಬೇಡ್ವೇ ಬೇಡ. ಪಕ್ಕಕ್ಕೆ ದೂರ ಇಡಿ.


ತುಂಗಾತೀರ:

ನಂಗೆ ಈ ಗೇಮಲ್ಲಿ ಬೇಜಾರು ಅಂದ್ರೆ, ಸಾಕ್ಷಿ ಗಟ್ಟಿಯಾಗಿರೋ ಇನ್ನಿಬ್ಬರಿಗೆ ಈ ಯೂನಿಟ್ ಕೊಟ್ಟಿಲ್ಲ. ಒಬ್ಬ ಕಪ್ಪು ಸಮುದ್ರದ ದಡದ ಪಾಂಟಸ್‌ನ ರಾಜ ಆರನೇ ಮಿಥ್ರಿಡೇಟಿಸ್. ರೋಮನ್ನರ ಜೊತೆ ಮೊದಲ ಸಲ ಸೋತ ಮೇಲೆ ಚಿನ್ನದ ಕುಸುರಿ ಆಯುಧ ಎಲ್ಲ ಬಿಟ್ಟು ರೋಮನ್ ಕತ್ತಿ ಹೊಡೆಸ್ದ, ಭಾರೀ ಗುರಾಣಿ ಮಾಡಿಸ್ದ, ರೋಮನ್ ರೀತಿ ಸಾಲು ಕಟ್ಟೋದು ಕಲಿಸ್ದ. ಸ್ಪೇನಲ್ಲಿ ರೋಮ್ ವಿರುದ್ಧ ಬಂಡೆದ್ದಿದ್ದ ಸರ್ಟೋರಿಯಸ್ ಕಡೆಯಿಂದ ಒಬ್ಬ ರೋಮನ್ ಅಧಿಕಾರಿ ಕೂಡ ಬಂದ. ಇಷ್ಟೆಲ್ಲ ಮಾಡಿಯೂ ಅವನು ಸೈಜಿಕಸ್ ಊರಿಗೆ ಮುತ್ತಿಗೆ ಹಾಕಿದಾಗ ಲೂಕುಲಸ್ ದವಸ ಬರೋ ದಾರಿ ಕಟ್ಟಿ ಹಾಕಿ ಆ ಸೈನ್ಯನ ಹಸಿವಿಂದ್ಲೇ ಮುಗಿಸ್ದ.

ಇನ್ನೊಬ್ಬ ಗಲಾಟಿಯಾದ ಡೀಯೋಟಾರಸ್, ಇವತ್ತಿನ ಅಂಕಾರಾ ಸುತ್ತಮುತ್ತಲಿನ ಸೀಮೆ. ಗೇಮಲ್ಲಿ ಅದು ಬರೀ ರೆಬೆಲ್ ಊರು. ಅವನು ರೋಮನ್ ಶಿಸ್ತಿನಲ್ಲಿ, ರೋಮನ್ ಆಯುಧದಲ್ಲಿ ಎರಡು ಲೀಜನ್ ಕಟ್ಟಿದ್ದ. ಕ್ರಿ.ಪೂ. 48ರ ಕೊನೆಗೆ ನಿಕೋಪೊಲಿಸ್‌ನಲ್ಲಿ ಮಿಥ್ರಿಡೇಟಿಸ್‌ನ ಮಗ ಫಾರ್ನೇಸಿಸ್ ಎದುರು ಆ ಎರಡೂ ಮಧ್ಯದಲ್ಲಿ ನಿಂತ್ವು, ಮೊದಲ ಹೊಡೆತಕ್ಕೇ ಮುರಿದು ಬಿದ್ವು. ಅದೇ ಸಾಲಲ್ಲಿದ್ದ ನಿಜವಾದ ರೋಮನ್ ಲೀಜನ್ 36 ಮಾತ್ರ ಸುತ್ತುವರಿದ್ರೂ ಗುಂಪು ಬಿಡದೆ ಗುಡ್ಡದ ಕಡೆ ಹಿಂದೆ ಸರಿದು ಸುಮಾರು 250 ಜನರನ್ನಷ್ಟೇ ಕಳ್ಕೊಂಡು ಹೊರಗೆ ಬಂತು. ಒಂದೇ ಬಯಲು, ಒಂದೇ ದಿನ, ಅಸಲು ನಕಲು ಪಕ್ಕಪಕ್ಕದಲ್ಲಿ. ಇದಕ್ಕಿಂತ ನೇರವಾದ ಹೋಲಿಕೆ ನಂಗೆ ಎಲ್ಲೂ ಸಿಕ್ಕಿಲ್ಲ. ಆದ್ರೆ ಕಥೆ ಅಲ್ಲಿಗೆ ನಿಲ್ಲಲ್ಲ. ಉಳಿದೋರನ್ನ ಸೇರಿಸಿ ಒಂದು ಲೀಜನ್ ಮಾಡಿ, ಮುಂದಿನ ವರ್ಷ ಸೀಸರ್ ಜೊತೆ ಜೇಲಾದಲ್ಲಿ ಗೆದ್ರು. ಕ್ರಿ.ಪೂ. 25ರಲ್ಲಿ ಗಲಾಟಿಯಾ ರೋಮ್‌ಗೆ ಸೇರಿದ್ಮೇಲೆ ಅದೇ ಪಡೆ ರೋಮನ್ ಸೈನ್ಯದ 22ನೇ ಲೀಜನ್ ಆಯ್ತು, ಡೀಯೋಟಾರಿಯಾನಾ ಅನ್ನೋ ಹೆಸರಲ್ಲಿ, ಆ ಹಳೇ ರಾಜನ ಹೆಸರು ಹೊತ್ಕೊಂಡೇ ಈಜಿಪ್ಟ್‌ನಲ್ಲಿ ಕಾವಲಿಗೆ ನಿಂತಿತ್ತು.

ಪಾಂಟಸ್‌ಗೆ ಈ ಯೂನಿಟ್ ಬೇಕು ಅನ್ನೋರು ಸ್ವಂತ ಮಾಡ್ಕೊಬೋದು, ಕಷ್ಟ ಇಲ್ಲ. ಯೂನಿಟ್‌ಗಳ ಟೆಕ್ಸ್ಟ್ ಫೈಲಲ್ಲಿ ಅರ್ಮೇನಿಯನ್ ಲೀಜನರಿಯ ಓನರ್‌ಶಿಪ್ ಸಾಲಿಗೆ ಪಾಂಟಸ್ ಸೇರಿಸಿ, ಕಟ್ಟಡಗಳ ಫೈಲಲ್ಲಿ ಬ್ಯಾರಕ್ಸ್ ಕೆಳಗೆ ರಿಕ್ರೂಟ್ ಸಾಲು ಹಾಕಿ, ಮಾಡೆಲ್ ಫೈಲಲ್ಲಿ ಪಾಂಟಸ್‌ಗೆ ಒಂದು ಟೆಕ್ಸ್ಚರ್ ಸಾಲು ಕೊಡಿ. ಕೊನೇದನ್ನ ಬಿಟ್ರೆ ಸೈನಿಕರು ಸರಿಯಾಗಿ ಕಾಣಲ್ಲ. ಮೂರೂ ಫೈಲ್ ತಿದ್ದೋ ಮುಂಚೆ ಬೇರೆ ಫೋಲ್ಡರ್‌ಗೆ ಕಾಪಿ ಮಾಡಿ ಇಟ್ಕೊಳಿ, ಆಮೇಲೆ ಹೊಸ ಕ್ಯಾಂಪೇನೇ ಶುರು ಮಾಡಿ.